ಪಕ್ಕದ ಮನೆಯವರ ಹಿತ್ತಾಳೆ

ಹಿತ್ತಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೈಸೂರಿನ ತವರಿನಲ್ಲಿ ಪ್ರತಿ ಗುರುವಾರ ದೀಪದ ಕಂಬ, ಗಂಟೆ, ಪಂಚಪಾತ್ರೆ ಎಲ್ಲವೂ ಹುಣಸೆಹಣ್ಣಿನಲ್ಲಿ ಮಿಂದು ಶುಕ್ರವಾರದ ಪೂಜೆಗೆ ಸಿದ್ಧವಾಗಬೇಕಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮೆಲ್ಬರ್ನಿನ ಕ್ಲೇಟನ್‌ಗೆ ಬಂದ ಮೇಲೂ ಆ ಗುರುವಾರ ನನ್ನನ್ನು ಬಿಡಲಿಲ್ಲ. ಆದರೆ ಹುಣಸೆಹಣ್ಣು ಬೇಕೆಂದರೆ ಊರಾಚೆಯ ಅಂಗಡಿಗೆ ಹೋಗಬೇಕು, ನನಗೋ ಕಾರು ಓಡಿಸಲು ಬಾರದು. ಸೂಪರ್‌ಮಾರ್ಕೆಟ್ಟಿನಲ್ಲಿ ನೆಲ, ಕಿಟಕಿ ಒರೆಸಲೆಂದು ಮಾರುವ ಅಮೋನಿಯಾದ ಬಾಟಲಿ ಕಣ್ಣಿಗೆ ಬಿತ್ತು. ಮೂಗು ಮುಚ್ಚಿಕೊಂಡು ಬಕೆಟ್ಟಿಗೆ ಒಂದಿಷ್ಟು ಸುರಿದು ದೀಪ ಅದ್ದಿದೆ. ಥಳಥಳ ಹೊಳೆಯಿತು. ಅಮ್ಮನಿಗೆ ಪತ್ರ ಬರೆದು ಜಂಬ ಕೊಚ್ಚಿಕೊಂಡೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಆಸ್ಟ್ರೇಲಿಯನ್ ಮುದುಕರೊಬ್ಬರು ಒಂಟಿಯಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಸಿಡ್ನಿಯಲ್ಲಿ. ಶನಿವಾರ ರೇಂಜಿಗೆ ಹೋಗಿ ಕಾಗದದ ಗುರಿಗೆ ರೈಫಲಿನಿಂದ ಗುಂಡು ಹೊಡೆಯುವುದೊಂದೇ ಅವರ ಹುಚ್ಚು. ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೇಸುಗಳನ್ನು ಎಸೆಯದೆ ಮನೆಗೆ ತರುತ್ತಿದ್ದರು. ಗ್ಯಾರೇಜಿನ ಪ್ರೆಸ್ಸಿನಲ್ಲಿ ಒತ್ತಿ ಅವನ್ನು ಮೊದಲಿನ ಅಳತೆಗೆ ತಂದು, ಮದ್ದು ತುಂಬಿ, ಹೊಸ ಗುಂಡು ಕೂರಿಸಿ ಮತ್ತೆ ಬಳಸುತ್ತಿದ್ದರು. ಗಂಡ ಯೂನಿವರ್ಸಿಟಿಗೆ ಹೋದ ಮೇಲೆ ಇಡೀ ಬೀದಿಯಲ್ಲಿ ನನ್ನನ್ನು ಮಾತಾಡಿಸುತ್ತಿದ್ದವರು ಅವರೊಬ್ಬರೇ. ಅವರು ಆಡಿದ್ದೆಲ್ಲ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅದು ಹೇಗೋ ಕನ್ನಡದಲ್ಲೇ ಉಳಿದಿದೆ.

ಒಂದು ಗುರುವಾರ ಅವರು ಬೇಲಿಯ ಮೇಲಿಂದ ಬಗ್ಗಿ ನನ್ನ ದೀಪಗಳನ್ನು ನೋಡಿ, "ನನ್ನವು ಯಾವತ್ತೂ ಹೀಗೆ ಹೊಳೆದಿಲ್ಲ" ಎಂದರು. ಅಷ್ಟು ಸಾಕಾಯಿತು. "ಕೊಡಿ ಇಲ್ಲಿ" ಎಂದು ಅವರ ಕೈಯಲ್ಲಿದ್ದ ಖಾಲಿ ಕೇಸುಗಳ ಡಬ್ಬ ಕಸಿದುಕೊಂಡೆ. ಅಂದಿನಿಂದ ಅವರ ಕೇಸುಗಳೂ ನನ್ನ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆದವು. ಆ ವರ್ಷದ ಆಯುಧ ಪೂಜೆಗೆ ಅವರ ಪ್ರೆಸ್ಸಿಗೂ ಅರಿಶಿನ ಕುಂಕುಮ ಹಚ್ಚಿಬಂದೆ. ಅವರು ಅದನ್ನು ಒರೆಸಲಿಲ್ಲ.

ಮರುವರ್ಷ ಕೇಸುಗಳು ಬಿರಿಯತೊಡಗಿದವು. ಗುಂಡು ಕೂರುವ ಕತ್ತಿನ ಭಾಗದಲ್ಲಿ ಉದ್ದಕ್ಕೆ ಕೂದಲೆಳೆಯಂಥ ಸೀಳು. ಅವರು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಭೂತಗನ್ನಡಿ ಹಿಡಿದು, ವೈದ್ಯರು ರೋಗಿಗಳನ್ನು ನೋಡುವಂತೆ ಒಂದೊಂದನ್ನೇ ನೋಡಿದರು. ಹಳೆಯದಾಗಿ ಗಡಸಾಗಿರಬೇಕೆಂದು ಹೊಸ ಕೇಸು ತಂದರು. ಅವೂ ನಾಲ್ಕಾರು ಸಲಕ್ಕೇ ಬಿರಿದವು. ಪ್ರೆಸ್ಸು ಹೆಚ್ಚು ಒತ್ತುತ್ತಿದೆಯೇನೋ ಎಂದು ಅದನ್ನು ಬಿಚ್ಚಿ ಜೋಡಿಸಿದರು. ಕೊನೆಗೆ ಉಳಿದದ್ದು ಒಂದೇ ಅನುಮಾನ. ಹಿತ್ತಾಳೆ ಮೆತ್ತಗಾಗಲೆಂದು ಕೇಸಿನ ಕತ್ತನ್ನು ಉರಿಯಲ್ಲಿ ತಿರುಗಿಸಿ ಹದವಾಗಿ ಕಾಯಿಸಬೇಕು, ಅದಕ್ಕೆ ಕೈ ನಡುಗದೆ ನಿಲ್ಲಬೇಕು.

"ಕೈ ಹೋಯಿತು" ಎಂದರು, ತಮ್ಮ ಬೆರಳುಗಳನ್ನೇ ನೋಡುತ್ತ. "ಮಗಳಿಗೆ ಮಾತು ಕೊಟ್ಟಿದ್ದೇನೆ. ನನ್ನ ಕೈಯನ್ನು ನಾನೇ ನಂಬಲಾಗದ ದಿನ ರೈಫಲ್ ಮಾರಿ ಸಿಡ್ನಿಗೆ ಬರುತ್ತೇನೆ ಅಂತ. ಶನಿವಾರ ರೈಫಲ್ ನೋಡೋಕೆ ಒಬ್ಬ ಬರ್ತಾನೆ."

ಮನೆಗೆ ಬಂದು ಗಂಡನ ಮೇಲೆ ರೇಗಿದೆ. "ಮೆಟಲ್ಸ್ ಬಗ್ಗೆ ಪಾಠ ಮಾಡ್ತೀರಲ್ರೀ, ಹೋಗಿ ನೋಡಬಾರ್ದಾ?"

ಅವರು ಹೋಗಿ ನೋಡಿ ಬಂದು ಊಟಕ್ಕೆ ಕೂತರು. "ಅವ್ರ ಕೈ ಏನೂ ಆಗಿಲ್ಲ ಕಣೆ. ಲೋಡ್ ಮಾಡಿ ಬಾಕ್ಸಲ್ಲಿ ಇಟ್ಟಿದ್ದೂ ಕೂತಲ್ಲೇ ಕ್ರ್ಯಾಕ್ ಆಗಿದೆ. ಅಮೋನಿಯಾ ತಾಗಿದ್ರೆ ಹಾಗಾಗತ್ತೆ. ಬ್ರಿಟಿಷರ ಕಾಲ್ದಲ್ಲಿ ನಮ್ಮಲ್ಲೇ ಕುದುರೆ ಲಾಯದಲ್ಲಿಟ್ಟ ತೋಟಾ ಮಳೆಗಾಲ ಬಂದ್ರೆ ಹೀಗೇ ಸೀಳ್ತಿದ್ವಂತೆ. ಕುದುರೆ ಗಂಜಲದ ಅಮೋನಿಯಾ. ಆದ್ರೆ ಇವ್ರ ಹತ್ರ ಕುದುರೆ ಎಲ್ಲಿದೆ?"

ಕುದುರೆ ಅವರ ಎದುರಿಗೇ ನಿಂತು ಸಾರು ಬಡಿಸುತ್ತಿತ್ತು.

"ನನ್ನ ದೀಪ ಸೀಳಿಲ್ವಲ್ಲ" ಎಂದೆ, ಮೆಲ್ಲಗೆ.

ಅವರು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ದೀಪ ದಪ್ಪ, ಎರಕದ್ದು. ಆ ಕೇಸು ತೆಳು, ಒತ್ತಿ ಒತ್ತಿ ಒಳಗೇ ಸ್ಟ್ರೆಸ್ ಇರತ್ತೆ. ಹೋಗಿ ಹೇಳ್ಬಿಡು."

ಹೇಳುವುದು ಸುಲಭ. ಬುಧವಾರ ಹೇಳಲಿಲ್ಲ. ಗುರುವಾರ ಅವರ ಮನೆ ಕಡೆ ಮುಖವನ್ನೇ ತಿರುಗಿಸಲಿಲ್ಲ. ಹೇಳಿದರೆ ಸ್ನೇಹ ಹೋಗುತ್ತದೆ, ಹೇಳದಿದ್ದರೆ ಮನುಷ್ಯರೇ ಹೋಗುತ್ತಾರೆ. ತಪ್ಪು ಒಪ್ಪಿಕೊಂಡು ಅಭ್ಯಾಸವಿದ್ದವಳಲ್ಲ ನಾನು. ಅದನ್ನು ನನ್ನ ಗಂಡನನ್ನು ಕೇಳಿದರೆ ಸಾಕು.

ಶನಿವಾರ ಬೆಳಿಗ್ಗೆ ಬಾಟಲಿ ಹಿಡಿದು ಗ್ಯಾರೇಜಿಗೆ ಹೋದೆ. ರೈಫಲನ್ನು ಒರೆಸಿ ಕಂಬಳಿಯ ಮೇಲೆ ಮಲಗಿಸಿದ್ದರು. "ನಿಮ್ಮ ಕೇಸುಗಳನ್ನು ಇದರಲ್ಲಿ ನೆನೆಸುತ್ತಿದ್ದೆ. ಬಿರಿದದ್ದು ಇದರಿಂದ" ಎಂದು ಹೇಳಿ ಅಲ್ಲೇ ಅತ್ತುಬಿಟ್ಟೆ. ಅವರು ಬಾಟಲಿಯ ಚೀಟಿಯನ್ನು ದೂರ ಹಿಡಿದು ಪೂರ್ತಿ ಓದಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ಮುಂದೆ ಚಾಚಿ, ಬಹಳ ಹೊತ್ತು ನೋಡಿದರು.

"ಹಾಗಾದರೆ ಇವಲ್ಲ" ಎಂದರು.

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಮುಟ್ಟಿದ ಕೇಸುಗಳನ್ನೆಲ್ಲ, ತುಂಬಿಟ್ಟ ತೋಟಾಗಳನ್ನೂ ಬಿಚ್ಚಿ, ಗುಜರಿಗೆ ಹಾಕಿದರು. ಕೊಳ್ಳಲು ಬಂದವನಿಗೆ ಟೀ ಕೊಟ್ಟು ಕಳಿಸಿದರು.

ಇನ್ನೂ ಐದು ವರ್ಷ ಅವರು ನಮ್ಮ ಪಕ್ಕದಲ್ಲೇ ಇದ್ದರು. ಆ ಐದು ವರ್ಷದಲ್ಲಿ ನನಗೆ ಕಾರು ಓಡಿಸಲು ಕಲಿಸಿದರು. ನನ್ನ ಮಗಳು ಮೊದಲ ಹೆಜ್ಜೆ ಇಟ್ಟದ್ದು ಅವರ ಅಂಗಳದಲ್ಲಿ. ಆಮೇಲೊಂದು ದಿನ ಯಾರೂ ಹೇಳದೆ ತಾವೇ ರೈಫಲ್ ಮಾರಿ ಸಿಡ್ನಿಗೆ ಹೊರಟರು. ಕಾರಣ ನಾನು ಕೇಳಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಸಿಡ್ನಿಯಲ್ಲಿ ಮಗಳ ಮನೆಯ ಜಗಲಿಯಲ್ಲಿ ಅವರನ್ನು ನೋಡಿದೆ. ತೀರಾ ಇಳಿದುಹೋಗಿದ್ದರು. ಟೀ ಕಪ್ಪು ಎತ್ತಿದಾಗ ಅದು ಸಾಸರಿನ ಮೇಲೆ ಕಟಕಟ ಎಂದಿತು, ಅರ್ಧ ಟೀ ತೊಡೆಯ ಮೇಲೆ ಚೆಲ್ಲಿತು. ನನ್ನ ಕಣ್ಣು ಅವರ ಕೈ ಮೇಲಿತ್ತು. ಅವರ ಕಣ್ಣು ನನ್ನ ಮೇಲೆ.

"ಹೆದರಬೇಡ" ಎಂದರು. "ಈ ಸಲ ನಿನ್ನ ತಪ್ಪಲ್ಲ."

ನಾನು ಎದ್ದು ಹೋಗಿ ಕಪ್ಪನ್ನು ಅವರ ತುಟಿಗೆ ಹಿಡಿದೆ. ಅವರು ಮಗುವಿನಂತೆ ಅಷ್ಟೂ ಕುಡಿದರು.