ಸಡಿಲವಾದ ರಬ್ಬರ್ ಉಡುಪು

ಅಲ್ಲಾಳಸಂದ್ರದ ಕೆರೆಯಲ್ಲಿ ಒಂದೇ ಉಸಿರಿಗೆ ಮುಳುಗಿ, ಕಬ್ಬಿಣದ ಈಟಿಯಿಂದ ಮೀನು ಚುಚ್ಚಿ ತರುತ್ತಿದ್ದ ಹಿರಿಯರೊಬ್ಬರಿದ್ದರು. ಮುಳುಗುವ ಮುನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ನನಗೆ ಉಸಿರು ಬಿಗಿಹಿಡಿಯುವುದನ್ನು ಕಲಿಸಿದವರು ಅವರೇ. ನಾನು ಅರ್ಧಕ್ಕೇ ಮೇಲೆದ್ದು ಕೆಮ್ಮಿದಾಗಲೆಲ್ಲ, "ಅವಸರ ಬ್ಯಾಡ ತಮ್ಮಾ, ನೀರೆಲ್ಲೂ ಓಗಲ್ಲ" ಎನ್ನುತ್ತಿದ್ದರು.

ಆಮೇಲೆ ನನಗೆ ಕಾರವಾರದ ಸಮುದ್ರದಲ್ಲಿ ಮೀನು ಬೇಟೆಯಾಡುವ ಹುಚ್ಚು ಹತ್ತಿತು. ಮುಳುಗುವಾಗ ತೊಡುವ ರಬ್ಬರ್ ಉಡುಪು ಕೊಳ್ಳಲು ಯಶವಂತಪುರದ ಹಳೇ ಸಾಮಾನಿನ ಅಂಗಡಿಗೆ ಹೊರಟಾಗ, ಆರಿಸಿಕೊಡಿ ಎಂದು ಅವರನ್ನೂ ಕರೆದೊಯ್ದೆ. ಅಲ್ಲಿದ್ದದ್ದು ಎರಡೇ. ನಾನು ಸಡಿಲವಾದದ್ದನ್ನು ಎತ್ತಿಕೊಂಡೆ; ನಮ್ಮ ಮನೆಯಲ್ಲಿ ಬಟ್ಟೆ ಎಂದರೆ ಯಾವಾಗಲೂ ಒಂದಳತೆ ದೊಡ್ಡದೇ. ಅವರು ತೋಳಿನ ರಬ್ಬರನ್ನು ಚಿವುಟಿ, ಎಳೆದು ನೋಡಿದರು.

"ಇದ್ರೊಳಕ್ಕೆ ನೀರು ನುಗ್ತದೆ. ಚಳಿಗೆ ಉಸ್ರು ನಿಲ್ಲಾಕಿಲ್ಲ. ಮೈಗಂಟೋದು ತಗಾ."

ಅಂಗಡಿಯವನು ಅವರ ಮಾಸಿದ ಪಂಚೆಯನ್ನೇ ನೋಡುತ್ತಿದ್ದ. "ಯಾರ್ ಸಾರ್ ಇವ್ನು?" ಎಂದ.

"ನಮ್ಮ ಆಳು. ಹೊರೋಕೆ ಬಂದಿದ್ದಾನೆ" ಎಂದುಬಿಟ್ಟೆ.

ಹಾಗೆಂದ ಮೇಲೆ ಆಳಿನ ಮಾತಿಗೆ ಮಣಿದಂತೆ ಕಾಣಬಾರದಲ್ಲ, ಸಡಿಲವಾದದ್ದನ್ನೇ ಕಟ್ಟಿಸಿದೆ. ನಾನು ಗಂಟಿಗೆ ಕೈ ಚಾಚುವಷ್ಟರಲ್ಲಿ ಅವರು ಅದನ್ನೆತ್ತಿ ಹೆಗಲಿಗೇರಿಸಿದ್ದರು. ಬರುವಾಗ ನನ್ನ ಪಕ್ಕದಲ್ಲಿ ನಡೆದು ಬಂದವರು, ಹಿಂತಿರುಗುವಾಗ ಒಂದು ಹೆಜ್ಜೆ ಹಿಂದೆ ನಡೆದರು. ನಾನು ನಿಂತೆ. ಅವರೂ ನಿಂತರು.

"ಬನ್ನಿ" ಎಂದೆ.

"ನಡೀರಿ ಸಾಮಿ" ಎಂದರು.