ನಮ್ಮ ಮನಿಯವರ ಮಧ್ಯಾಹ್ನದ ನಿದ್ದಿ

ಗೆಳತ್ಯಾರ, ಬ್ಯಾಸಗಿ ಸೂಟಿ ಅಂದ್ರ ಮಧ್ಯಾಹ್ನ ಉಂಡು ಗಡದ್ದಾಗಿ ಮಲಗೂದು. ನಮ್ಮ ಬಿಸಲಿನ ದೇಶದಾಗ ಅದಕ್ಕಿಂತ ದೊಡ್ಡ ಸುಖ ಇಲ್ಲ. ನಮ್ಮ ಮನಿಯವರಿಗೆ ಇವತ್ತ ಅದೂ ಕಷ್ಟ ಆತು.

ಶಹಾಪುರದ ನಮ್ಮ ಮನ್ಯಾಗ ಹಗಲೂ ರಾತ್ರಿ ಪವರ್‌ಲೂಮ್ ಖಟ್ ಖಟ್. ಮಗ್ಗ ಬಂದ್ ಮಾಡಿಸಿ, ರೈಲು ಹತ್ತಿಸಿ, ಗುಂಜಿ ಅನ್ನೂ ಹಳ್ಳಿಗೆ, ಇವರ ತಂಗಿ ಮನಿಗೆ ಕರಕೊಂಡು ಬಂದೆ. ನಾದಿನಿ ಗಂಗಾ ತಂಪು ಖೋಲ್ಯಾಗ ಹೊಸಾ ಕೌದಿ ಹಾಸಿದ್ಲು. ಹೊರಗ ಬರೇ ಕಾಡು, ಒಂದು ಸಪ್ಪಳಿಲ್ಲ. ಇವರು ಹೊಳ್ಳಾಡಿ ಹೊಳ್ಳಾಡಿ ಎದ್ದು ಹೋದ್ರು.

ಹುಡುಕಿದ್ರ ಊರ ಭತ್ತದ ಗಿರಣ್ಯಾಗ, ಗಡಗಡ ಅನ್ನೂ ಮಷೀನ್ ಬಾಜೂಕ, ಗೋಣಿಚೀಲದ ಮ್ಯಾಲ ಗೊರಕಿ ಹೊಡ್ಯಾಕತ್ತಾರ!

ನನ್ನ ಸಂಗಾಟ ಬಂದಿದ್ದ ಗಂಗಾ ಇವರನ್ನ ಎಬ್ಬಿಸಿದ್ಲು. ಆಕಿ ಕಣ್ಣಾಗ ನೀರು ಬಂತು. "ಅಣ್ಣಾ, ನನ್ನ ಹಾಸಿಗಿ ಚುಚ್ಚತೈತೇನು? ಮಂದಿ ಏನಂದಾರು?"

"ಹಾಸಿಗಿ ಭಾಳ ಮೆತ್ತಗ ಐತಿ, ತಂಗಿ. ಆದ್ರ ಸಪ್ಪಳ ನಿಂತ್ರ ಮಗ್ಗದಾಗ ಎಳಿ ಹರೀತು ಅಂತ ಎಚ್ಚರ ಆಗತೈತಿ."

"ಮಲಗಾಕೂ ಕಾರಖಾನಿ ಬೇಕೇನ್ರಿ ನಿಮಗ?" ಅಂತ ನಾನು ರೇಗಿದೆ.

ಗಂಗಾ ಅಣ್ಣನ್ನ ಮನಿಗೆ ಕರಕೊಂಡು ಬಂದು ಅದ ಕೌದಿ ಮ್ಯಾಲ ಮಲಗಿಸಿದ್ಲು. ಬಾಜೂಕ ತನ್ನ ಹೊಲಿಗಿ ಮಷೀನ್ ಎಳಕೊಂಡು ಕುಂತು ತುಳ್ಯಾಕ ಹತ್ತಿದ್ಲು. ಇವರಿಗೆ ಗಪ್ಪನ ನಿದ್ದಿ ಹತ್ತಿತು. ನಾನು ಇಣುಕಿ ನೋಡಿದ್ರ ಮಷೀನ್‌ದಾಗ ಬಟ್ಟೀನೂ ಇಲ್ಲ, ದಾರಾನೂ ಇಲ್ಲ.

"ವೈನಿ, ನನ್ನ ಕಾಲು ಸೋತ್ರ ನೀವು ಬರ್ರಿ," ಅಂದ್ಲು.

ಸೂಟಿಗೆ ಬಂದ್ರೂ ಪಾಳಿ ತಪ್ಪಲಿಲ್ಲ ನೋಡ್ರಿ. ಕರ್ಯಾಕತ್ತಾಳ, ಹೋಗ್ತೇನಿ.