ಕಾಯಿಲ್ ಕಾದದ್ದು ನನಗೆ ಗೊತ್ತಿತ್ತು

ನಾನು ಅಜ್ಜನಾದೆ. ನನ್ನ ಮಗಳು ಜೈನಾಬಿ ಇವತ್ತು ಮಧ್ಯಾಹ್ನ ಹೆಣ್ಣು ಹಡೆದಳು. ಹಳಿಯಾಳದ ನಮ್ಮ ಓಣಿಯ ತುಂಬ ಸಕ್ಕರೆ ಹಂಚಿದೆ. ಖುಷಿಯಲ್ಲಿ ಕೊಟ್ಟವರಿಗೇ ಮತ್ತೆ ಕೊಟ್ಟೆನಂತೆ. ಇದೇ ಸಂತೋಷದಲ್ಲಿ ಇನ್ನೊಂದು ಮಾತೂ ಹೇಳಿಬಿಡುತ್ತೇನೆ — ಜೈನಾಬಿಯ ಮೊದಲ ನಿಶ್ಚಯ ಮುರಿದವನು ನಾನು. ಅಪಶಕುನ ಅಲ್ಲ, ಅವಳ ಹಣೆಬರಹ ಅಲ್ಲ. ನಾನು.

ಅದು ದೊಡ್ಡ ಲಡಾಯಿಯ, ಮಹಾಯುದ್ಧದ ಕಾಲ. ದಾಂಡೇಲಿಯ ಕಟ್ಟಿಗೆ ಗುತ್ತಿಗೆದಾರನೊಬ್ಬ ಅವಳನ್ನು ಕೇಳಿದ್ದ. ವಯಸ್ಸಿನಲ್ಲಿ ಹೆಚ್ಚೂಕಡಿಮೆ ನನ್ನ ಸರೀಕ. ಹಿಂದಿನ ಹೆಂಡತಿ ಅವನ ಹೊಡೆತ ತಾಳದೆ ತವರಿಗೆ ಓಡಿದ್ದು ಎಲ್ಲರಿಗೂ ಗೊತ್ತು. ಆದರೂ ನನ್ನ ಅಣ್ಣ ಮಾತು ಕೊಟ್ಟುಬಿಟ್ಟಿದ್ದರು. ನಮ್ಮ ಮನೆಯಲ್ಲಿ ಅವರಿಗೆ ಎದುರು ಮಾತಿರಲಿಲ್ಲ — ಇವತ್ತಿನ ತನಕ.

ನಿಶ್ಚಯದ ದಿನ, ಉಂಗುರ ತೊಡಿಸಲು ತಾಯಿಯನ್ನು ಕರೆದುಕೊಂಡು ಬರುತ್ತಿದ್ದ ಅವನ ಮೋಟಾರು ಕಾಡಿನ ದಾರಿಯಲ್ಲಿ ನಿಂತಿತು. ಲಾರಿಯವನ ಕೈಲಿ ನನಗೇ ಹೇಳಿ ಕಳಿಸಿದರು. ಸುತ್ತಲಲ್ಲಿ ಮೋಟಾರು ರಿಪೇರಿ ಬಲ್ಲವನು ನಾನೊಬ್ಬನೇ ತಾನೆ. ಹೋಗಿ ಪ್ಲಗ್ಗಿನ ತಂತಿ ಕಿತ್ತು ಇಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದೆ, ಡ್ರೈವರ್ ಹ್ಯಾಂಡಲ್ ತಿರುಗಿಸಿದ. ನೀಲಿ ಕಿಡಿ ಚಟ್ ಅಂತ ಹಾರಬೇಕು — ಹಳದಿಯಾಗಿ, ಸಣ್ಣಗೆ, ಬಿಟ್ಟು ಬಿಟ್ಟು ಬಂತು. ಕಿಡಿಗೆ ಬಲ ಕೊಡುವ ಕಾಯಿಲಿನ ಮೇಲೆ ಕೈಯಿಟ್ಟೆ, ಕಾದ ಹಂಚು. ಕೆಟ್ಟ ಕಾಯಿಲ್ ಕಾದಾಗ ಸಾಯುತ್ತದೆ, ಆರಿದಾಗ ಏಳುತ್ತದೆ. ಒದ್ದೆ ಅರಿವೆ ಸುತ್ತಿದರೆ ಹಳಿಯಾಳ ಮುಟ್ಟಬಹುದಿತ್ತು. ಎಲ್ಲ ಗೊತ್ತಿತ್ತು.

"ಪೆಟ್ರೋಲಿನ್ಯಾಗ ಕಸ ಕುಂತೈತ್ರಿ," ಅಂದೆ.

ಪೈಪು ಊದಿದೆ, ಪ್ಲಗ್ಗು ತಿಕ್ಕಿದೆ — ಕಾಯಿಲ್ ಆರುವಷ್ಟು ಹೊತ್ತು. ಗಾಡಿ ಹೊರಟಿತು, ಸ್ವಲ್ಪ ದೂರ ಹೋಗಿ ನಿಂತಿತು. ಮತ್ತೆ ಊದಿದೆ. ಮತ್ತೆ ನಿಂತಿತು. ಹಿಂದೆ ಕೂತಿದ್ದ ಗುತ್ತಿಗೆದಾರನ ತಾಯಿ ಪರದೆ ಸರಿಸಿ, "ಏ ಮಿಸ್ತ್ರಿ, ಗಾಡಿ ತಾನ ನಿಂದರತೈತೋ, ಯಾರರೆ ನಿಂದರಸಾಕತ್ತಾರೋ?" ಅಂದಳು. ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಆಕೆ ಅಂದದ್ದು ನನ್ನನ್ನಲ್ಲ, ದೆವ್ವವನ್ನು.

"ಹಿಂದಕ್ಕ ತಿರುಗಿಸಿ ನೋಡೂಣ್ರಿ, ಅಮ್ಮಾ."

ತಿರುಗಿಸುವಾಗ ಯಾರಿಗೂ ಕಾಣದ ಹಾಗೆ ಕಾಯಿಲಿಗೆ ಒದ್ದೆ ಅರಿವೆ ಸುತ್ತಿಬಿಟ್ಟೆ. ದಾಂಡೇಲಿ ದಿಕ್ಕಿಗೆ ಗಾಡಿ ಕುದುರೆಯ ಹಾಗೆ ಓಡಿತು. ಹುಡುಗಿಯ ಮನೆಯ ಕಡೆ ನಿಲ್ಲುತ್ತದೆ, ಹಿಂದಕ್ಕೆ ಓಡುತ್ತದೆ — ಮುದುಕಿಗೆ ಅಷ್ಟು ಸಾಕಾಯಿತು, ಅಪಶಕುನವೆಂದು ಸಂಬಂಧವನ್ನೇ ಬಿಟ್ಟಳು.

ಇದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಯಾರ ಮುಂದೆಯೂ. ನಾಳೆ ಅಂಥದೇ ಗಾಡಿ ಬಂದರೆ ಅದನ್ನೇ ಮಾಡುತ್ತೇನೆ.

ತಪ್ಪು ಬೇರೆ. ಊರು ಅವಳಿಗೆ 'ಗಾಡಿ ನಿಂದರಿಸಿದಾಕಿ' ಅಂತ ಹೆಸರಿಟ್ಟಿತು. ಮುಂಡಗೋಡದ ಹುಡುಗ ಆ ಮಾತಿಗೆ ನಕ್ಕು ಅವಳನ್ನು ಲಗ್ನವಾಗುವ ತನಕ, ಬಂದ ಸಂಬಂಧಗಳೆಲ್ಲ ಬಾಗಿಲಿನಿಂದಲೇ ತಿರುಗಿದವು. ಅವಳು ನೀರಿಗೆ ಹೋಗುವುದನ್ನೇ ಬಿಟ್ಟಳು. ನಾನು ನೋಡುತ್ತಿದ್ದೆ. ಅಣ್ಣನಿಗೆ ಹೆದರಿ — ಬಾಯಿ ಬಿಡಲಿಲ್ಲ.

ಇವತ್ತು ಸೂಲಗಿತ್ತಿ ಕೂಸನ್ನು ನನ್ನ ಕೈಗಿಡುತ್ತ, "ನೀನರೆ ಅವ್ವನಗತೆ ಗಾಡಿ ನಿಂದರಸಬ್ಯಾಡವಾ," ಅಂದಳು. ಎಲ್ಲರೂ ನಕ್ಕರು. ಹುಟ್ಟಿ ಇನ್ನೂ ಕಣ್ಣು ಬಿಟ್ಟಿಲ್ಲ, ಆಗಲೇ ಆ ಹೆಸರು —

ಸಂಜೆ ಊಟಕ್ಕೆ ಎಲ್ಲರೂ ಕೂತಾಗ, ಅಣ್ಣನ ಎದುರೇ ಹೇಳಿದೆ. ಕಾಯಿಲ್, ಅರಿವೆ, ಸುಳ್ಳು — ಎಲ್ಲ.

ಅಣ್ಣನ ಕೈ ತಟ್ಟೆಯ ಮೇಲೆ ನಿಂತಿತು. "ನನ್ನ ಮಾತು ಮಣ್ಣಾಗ ಹಾಕಿದೆಲ್ಲೋ."

"ಹೂಂ ಭಾಯಿಜಾನ್, ಹಾಕಿದೆ."

ಒಳಗಿನಿಂದ ಜೈನಾಬಿಯ ದನಿ ಬಂತು: "ಗಾಡಿ ನಿಂದರಿಸಿದ್ದು ಚಲೋ ಮಾಡಿದ್ರಿ ಅಬ್ಬಾ. ನನಗರೆ ಹೇಳಬೇಕಿತ್ತು. ನನ್ನ ಕಾಲ್ಗುಣನ ಕೆಟ್ಟದ್ದಂತ ನಾನೂ ನಂಬಿದ್ದೆ."



ಅಣ್ಣ ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಮಾಂಸದ ಸಾರಿನ ಪಾತ್ರೆ ಮುಂದಕ್ಕೆ ಸರಿಸಿ, "ಮೊದಲು ಬಾಣಂತಿಗೆ ಶೋರ್ವಾ ಕೊಡ್ರಿ," ಅಂದರು. ನಾನು ಎದ್ದು ಅವಳ ಕೋಣೆಯ ಪರದೆ ಎತ್ತಿ ಕಟ್ಟಿದೆ. ಕೂಸನ್ನು ಮಗ್ಗುಲಲ್ಲಿಟ್ಟುಕೊಂಡು ಅವಳು ಒಳಗೆ, ನಾವೆಲ್ಲ ಹೊರಗೆ, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ಕೂತು ಉಂಡೆವು.